ಲೈಂಗಿಕತೆಯ ಬೋಧನೆ: ಭಿನ್ನಮತವನ್ನು ಚರ್ಚ್ ನಾಯಕರು ನಿಭಾಯಿಸುವ ಬಗೆ

ಸಲಿಂಗ ಸಂಬಂಧ, ಸಲಿಂಗ ವಿವಾಹ, ಸಲಿಂಗಿಗಳಿಗೆ ಪಾದ್ರಿ ದೀಕ್ಷೆ ಕೊಡುವುದು ಇವುಗಳ ಬಗ್ಗೆ ಕ್ರೈಸ್ತ ಪಂಗಡಗಳಲ್ಲಿ ಅರ್ಧ ಶತಮಾನದಿಂದ ವಾದ ನಡೆಯುತ್ತಲೇ ಇದೆ. ಹೊರಗಿನಿಂದ ನೋಡುವವರಿಗೆ ಇದು ಸತ್ಯವೇದದ ಕೆಲವು ವಚನಗಳನ್ನು ಯಾರು ಹೇಗೆ ಓದುತ್ತಾರೆ ಎಂಬ ಜಗಳದಂತೆ ಕಾಣುತ್ತದೆ. ಆ ಜಗಳ ನಿಜವಾದದ್ದೇ, ಅದನ್ನು ಹಗುರ ಮಾಡಬೇಕಿಲ್ಲ. ಆದರೆ ಅದೇ ವಾದ ಒಂದು ಪಂಗಡವನ್ನು ಒಡೆದು, ಇನ್ನೊಂದರಲ್ಲಿ ಸಹಿಸಿಕೊಳ್ಳಬಹುದಾದ ಭಿನ್ನಾಭಿಪ್ರಾಯವಾಗಿ ಉಳಿದಿದೆ. ಈ ವ್ಯತ್ಯಾಸ ಏಕೆ ಎಂದು ಹುಡುಕಿದರೆ ಕಣ್ಣಿಗೆ ಬೀಳುವುದು ನಾಯಕರು ಹಿಡಿದ ಕ್ರಮ: ತೀರ್ಮಾನ ಯಾರ ಕೈಯಲ್ಲಿದೆ, ಎಷ್ಟು ಬಹುಮತ ಬೇಕು, ಸೋತವರು ಎಲ್ಲಿ ನಿಲ್ಲಬೇಕು, ಹೊರಡುವವರು ಏನನ್ನು ಕೊಂಡೊಯ್ಯಬಹುದು. ಇವನ್ನು ಮತದಾನಕ್ಕೆ ಮುಂಚೆಯೇ ಇತ್ಯರ್ಥ ಮಾಡಿಕೊಂಡ ಕಡೆ ಗಾಯ ಚಿಕ್ಕದಾಗಿದೆ. ಆಮೇಲೆ ನೋಡೋಣ ಎಂದ ಕಡೆ ವಿವಾದ ನ್ಯಾಯಾಲಯಕ್ಕೆ ಹೋಗಿದೆ.

ಒಂದೇ ಮಾತಿನಲ್ಲಿ ಮೂರು ಪ್ರಶ್ನೆ

ಚರ್ಚೆ ಕೆಡುವುದು ಬಹುಪಾಲು ಮೊದಲ ಹೆಜ್ಜೆಯಲ್ಲೇ. ಎದುರುಬದುರು ಕೂತವರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುತ್ತಾರೆ. ಪಂಗಡದ ಬೋಧನೆ ಏನು ಎಂಬುದು ಒಂದು ಪ್ರಶ್ನೆ. ಅದನ್ನು ಒಪ್ಪದವರಿಗೆ ಸಭೆಯಲ್ಲಿ ಎಂಥ ಸ್ಥಾನ ಎಂಬುದು ಇನ್ನೊಂದು. ಇದಕ್ಕೆ ಎಲ್ಲರಿಗೂ ಸಲ್ಲುವ ಒಂದೇ ಉತ್ತರ ಇರುವುದಿಲ್ಲ, ಏಕೆಂದರೆ ಸಾಮಾನ್ಯ ಸದಸ್ಯ, ಸಭೆಯ ಹಿರಿಯ, ಪಾದ್ರಿ, ಬಿಷಪ್, ದೇವಶಾಸ್ತ್ರ ಕಾಲೇಜಿನ ಅಧ್ಯಾಪಕ ಇವರಿಂದ ಪಂಗಡ ನಿರೀಕ್ಷಿಸುವುದು ಒಂದೇ ಅಲ್ಲ. ಮೂರನೆಯದು ತೂಕದ ಪ್ರಶ್ನೆ, ಹೆಚ್ಚಿನವರು ಮರೆಯುವುದು ಇದನ್ನೇ. ಈ ಬೋಧನೆ ತ್ರಿಯೇಕತ್ವದಂತೆ, ಪುನರುತ್ಥಾನದಂತೆ ವಿಶ್ವಾಸದ ತಿರುಳಿಗೆ ಸೇರಿದ್ದೇ, ಅಥವಾ ನಿಷ್ಠಾವಂತರೂ ಭಿನ್ನವಾಗಿ ಯೋಚಿಸಬಹುದಾದ ವಿಷಯವೇ?

ಉತ್ತರ ಅಮೆರಿಕದ ಕ್ರಿಶ್ಚಿಯನ್ ರಿಫಾರ್ಮ್ಡ್ ಚರ್ಚ್‌ನಲ್ಲಿ ನಡೆದದ್ದು ಮುಖ್ಯವಾಗಿ ಈ ತೂಕದ ಪ್ರಶ್ನೆಯ ಮೇಲೆಯೇ. ಸಲಿಂಗ ಸಂಬಂಧ ಸಲ್ಲದು ಎಂಬುದು ಆ ಪಂಗಡದ ಹಳೆಯ ನಿಲುವು. 2022ರ ಸಿನೊಡ್ (ಪಂಗಡದ ಪ್ರತಿನಿಧಿಗಳ ಆಡಳಿತ ಸಭೆ) 123–53 ಮತಗಳಿಂದ ಒಂದು ಹೆಜ್ಜೆ ಮುಂದೆ ಹೋಗಿ, ಹೈಡೆಲ್‌ಬರ್ಗ್ ಧರ್ಮಬೋಧಿನಿಯ 108ನೇ ಪ್ರಶ್ನೋತ್ತರದಲ್ಲಿ ಬರುವ ಅಶುದ್ಧತೆಯ ಅರ್ಥದೊಳಗೆ ಇದೂ ಸೇರುತ್ತದೆ, ಇದಕ್ಕೆ ವಿಶ್ವಾಸ ಪ್ರಮಾಣದ, ಅಂದರೆ ಪಂಗಡದ ನಂಬಿಕೆಯನ್ನು ಹೇಳುವ ಅಧಿಕೃತ ಬರಹದ, ಸ್ಥಾನವಿದೆ ಎಂದು ಘೋಷಿಸಿತು. ಆ ಪಂಗಡದಲ್ಲಿ ಪಾದ್ರಿಗಳೂ ಹಿರಿಯರೂ ಧರ್ಮಸೇವಕರೂ ವಿಶ್ವಾಸ ಪ್ರಮಾಣಗಳಿಗೆ ಸಹಿ ಹಾಕಿಯೇ ಪದವಿಗೆ ಬರುತ್ತಾರೆ. ಹಾಗಾಗಿ ನಿನ್ನೆಯವರೆಗೆ ಅಭಿಪ್ರಾಯಭೇದ ಎನಿಸಿಕೊಂಡದ್ದು ಮರುದಿನ ಸಹಿಗೆ ತಪ್ಪಿದ ಮಾತಾಯಿತು.

ಒಪ್ಪದವರು ಮೊರೆಹೋದದ್ದು ‘ಗ್ರಾವಮೆನ್’ ಎಂಬ ಹಳೆಯ ವ್ಯವಸ್ಥೆಗೆ. ಅದರಲ್ಲಿ ಎರಡು ಬಗೆ. ಒಂದರಲ್ಲಿ ಪದಾಧಿಕಾರಿ ತನಗೆ ಇಂಥ ಬೋಧನೆಯ ವಿಷಯದಲ್ಲಿ ತೊಡಕಿದೆ ಎಂದು ತನ್ನ ಸಭೆಯ ಮಂಡಳಿಗೆ ಬರೆದು ಕೊಡುತ್ತಾನೆ. ಇನ್ನೊಂದರಲ್ಲಿ ಬೋಧನೆಯನ್ನೇ ತಿದ್ದಿ ಎಂದು ಪಂಗಡವನ್ನು ಕೇಳುತ್ತಾನೆ. ಹಲವರು ಮೊದಲ ಬಗೆಯನ್ನು ಕೊಟ್ಟು ಪದವಿಯಲ್ಲಿ ಮುಂದುವರಿದರು. 2024ರ ಸಿನೊಡ್ ಅದನ್ನು ಕಾಯಂ ವಿನಾಯಿತಿಯಂತೆ ಬಳಸುವಂತಿಲ್ಲ ಎಂದಿತು, ಬಹಿರಂಗವಾಗಿ ಭಿನ್ನ ನಿಲುವು ತಳೆದ ಸಭೆಗಳ ಮೇಲೆ ನಿರ್ಬಂಧ ಹೇರಿತು. ಸಭೆಗಳು ಹೊರಡತೊಡಗಿದ್ದು ಆಮೇಲೆ. ಬೋಧನೆಯ ಒಳಹುರುಳು ಬದಲಾಗದೆ ತೂಕ ಮಾತ್ರ ಹೆಚ್ಚಾದರೂ ಒಡಕು ಬರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು. ತೂಕ ಹೆಚ್ಚಿಸಬಾರದು ಎಂದಲ್ಲ. ಹೆಚ್ಚಿಸುವ ಮುನ್ನ, ಈಗಾಗಲೇ ಸಹಿ ಹಾಕಿ ಕೂತವರ ಗತಿಯೇನು ಎಂಬ ನಿಯಮ ಅದೇ ಮೇಜಿನ ಮೇಲೆ ಇರಬೇಕು.

ಮಾತುಕತೆಯ ಫಲ ಕೈಸೇರದಿದ್ದಾಗ

ಚರ್ಚ್ ಆಫ್ ಇಂಗ್ಲೆಂಡ್ ಲೈಂಗಿಕತೆಯ ಕುರಿತ 2013ರ ಪಿಲ್ಲಿಂಗ್ ವರದಿಯ ನಂತರ ದೇಶದುದ್ದಕ್ಕೂ ಸಂವಾದಗಳನ್ನು ಏರ್ಪಡಿಸಿತು. ತರಬೇತಿ ಪಡೆದ ನಿರ್ವಾಹಕರಿದ್ದರು, ಚಿಕ್ಕ ಗುಂಪುಗಳಿದ್ದವು, ಎಲ್ಲ ಬಗೆಯ ಅಭಿಪ್ರಾಯದವರೂ ಬಂದರು. ಅದಾದ ಮೇಲೆ ಬಿಷಪ್‌ಗಳು ತಾವೇ ಕೂತು ಒಂದು ವರದಿ ಬರೆದರು. 2017ರ ಫೆಬ್ರವರಿಯಲ್ಲಿ ಅದು ಜನರಲ್ ಸಿನೊಡ್ ಮುಂದೆ ಬಂತು. ಸಿನೊಡ್‌ನಿಂದ ಕೇಳಿದ್ದು ವರದಿಯನ್ನು ಗಮನಕ್ಕೆ ತೆಗೆದುಕೊಳ್ಳಿ ಎಂದಷ್ಟೇ. ಬಿಷಪ್‌ಗಳಲ್ಲಿ 43 ಜನ ಪರ, ಒಬ್ಬರು ವಿರೋಧ. ಸಾಮಾನ್ಯ ವಿಶ್ವಾಸಿಗಳ ಸದನದಲ್ಲಿ 106–83. ಪಾದ್ರಿಗಳ ಸದನದಲ್ಲಿ 93–100; ಮೂರೂ ಸದನಗಳ ಒಪ್ಪಿಗೆ ಬೇಕಿದ್ದರಿಂದ ಅಲ್ಲಿಗೆ ವರದಿ ಬಿದ್ದಿತು.

ಎರಡು ವರ್ಷ ಮನ ಬಿಚ್ಚಿ ಮಾತಾಡಿದವರು ಆ ವರದಿಯಲ್ಲಿ ತಮ್ಮ ದನಿ ಹುಡುಕಿ ಕಾಣದೆ ಹೋದರು. ಸಂವಾದ ಮಾಡಿಸುವ ನಾಯಕರು ಎಡವುವುದು ಇಲ್ಲೇ: ಮಾತು ಎಲ್ಲರದು, ಬರವಣಿಗೆ ಕೆಲವರದು. ಸಂವಾದ ಶುರುವಾಗುವ ಮೊದಲೇ ಅದರ ಫಲಿತಾಂಶ ಯಾರ ಕೈಗೆ ಹೋಗುತ್ತದೆ, ಕರಡು ಬರೆಯುವವರು ಯಾರು, ಕರಡನ್ನು ಮಾತಾಡಿದವರಿಗೆ ತೋರಿಸಿ ತಿದ್ದಲು ಅವಕಾಶವಿದೆಯೇ ಎಂಬುದನ್ನು ಬರೆದು ಹಂಚಬೇಕು. ಸಂವಾದದಿಂದ ಏನೂ ಬದಲಾಗದಿರಬಹುದು ಎಂದಾದರೆ ಅದನ್ನೂ ಮೊದಲೇ ಹೇಳುವುದು ಪ್ರಾಮಾಣಿಕತೆ.

ಆ ಸೋಲಿನ ಬಳಿಕ ಅದೇ ಚರ್ಚ್ ‘ಲಿವಿಂಗ್ ಇನ್ ಲವ್ ಅಂಡ್ ಫೇತ್’ ಎಂಬ ಅಧ್ಯಯನ ಸಾಮಗ್ರಿ ಸಿದ್ಧಪಡಿಸಿ 2020ರಲ್ಲಿ ಹೊರತಂದಿತು. ಅದರ ಜೊತೆಗೆ ಬಳಸುವ ಆರು ಪಾಲನಾ ಸೂತ್ರಗಳು ಯಾವ ಪಂಗಡಕ್ಕಾದರೂ ಉಪಯುಕ್ತ: ಪೂರ್ವಗ್ರಹವನ್ನು ಒಪ್ಪಿಕೊಳ್ಳುವುದು, ಮೌನವನ್ನು ಮುರಿಯುವುದು, ಅಜ್ಞಾನವನ್ನು ತಿದ್ದುವುದು, ಭಯವನ್ನು ಓಡಿಸುವುದು, ಕಪಟವನ್ನು ಒಪ್ಪಿಕೊಳ್ಳುವುದು, ಅಧಿಕಾರ ಯಾರ ಬಳಿ ಇದೆ ಎಂಬುದರ ಮೇಲೆ ಕಣ್ಣಿಡುವುದು. ಕೊನೆಯದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಬಿಷಪ್ ಕೂತಿರುವ ಕೋಣೆಯಲ್ಲಿ ಒಬ್ಬ ಕಿರಿಯ ಪಾದ್ರಿ ನಾನು ಸಲಿಂಗಿ ಎಂದು ಹೇಳಿದರೆ ಅವನ ಮುಂದಿನ ನೇಮಕಾತಿಯೇ ಪಣಕ್ಕೆ ಬಿದ್ದಂತೆ. ಅದೇ ಕೋಣೆಯಲ್ಲಿ ನಾನು ಹಳೆಯ ಬೋಧನೆಯನ್ನೇ ನಂಬುತ್ತೇನೆ ಎನ್ನುವ ಇನ್ನೊಬ್ಬರಿಗೂ ಮೂದಲಿಕೆಯ ಭಯವಿರಬಹುದು. ಇಬ್ಬರ ಭಯವೂ ನಿಜ, ಆದರೆ ಎರಡರ ಬೆಲೆ ಒಂದೇ ಅಲ್ಲ.

ಎಷ್ಟು ಬಹುಮತ?

ಸರಳ ಬಹುಮತ, ಮೂರರಲ್ಲಿ ಎರಡರಷ್ಟು ಬಹುಮತ ಎಂಬ ಆಯ್ಕೆ ಒಣ ನಿಯಮದಂತೆ ಕೇಳಿಸುತ್ತದೆ. ಇತಿಹಾಸ ತಿರುಗಿದ್ದು ಮಾತ್ರ ಅಲ್ಲೇ. ಅಮೆರಿಕದ ಇವಾಂಜೆಲಿಕಲ್ ಲುಥೆರನ್ ಚರ್ಚ್ 2009ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಲೈಂಗಿಕತೆಯ ಕುರಿತ ಹೇಳಿಕೆಯನ್ನು ಮತಕ್ಕೆ ಹಾಕಿತು. ಮೂರರಲ್ಲಿ ಎರಡರಷ್ಟು ಬೇಕಿತ್ತು. ಬಿದ್ದ ಮತ 676–338, ಕರಾರುವಾಕ್ಕಾಗಿ ಮೂರರಲ್ಲಿ ಎರಡು. ಒಂದು ಮತ ಆಚೆ ಹೋಗಿದ್ದರೂ ಹೇಳಿಕೆ ಬಿದ್ದುಹೋಗುತ್ತಿತ್ತು. ಅಷ್ಟು ತೆಳುವಾದ ಗೆಲುವು ಸೋತವರಿಗೆ ಗೆಲುವಾಗಿ ಕಾಣುವುದಿಲ್ಲ. ಮರುವರ್ಷವೇ ನಾರ್ತ್ ಅಮೆರಿಕನ್ ಲುಥೆರನ್ ಚರ್ಚ್ ಬೇರೆಯಾಗಿ ಹುಟ್ಟಿತು.

ಸದನಗಳು ಪ್ರತ್ಯೇಕವಾಗಿ ಮತ ಹಾಕುವ ಕಡೆ ಇನ್ನೊಂದು ತೊಡಕು. ಕೆನಡಾದ ಆಂಗ್ಲಿಕನ್ ಚರ್ಚ್‌ನಲ್ಲಿ 2019ರಲ್ಲಿ ವಿವಾಹದ ನಿಯಮ ತಿದ್ದುವ ಪ್ರಸ್ತಾಪಕ್ಕೆ ಸಾಮಾನ್ಯ ವಿಶ್ವಾಸಿಗಳೂ ಪಾದ್ರಿಗಳೂ ಬೇಕಾದಷ್ಟು ಬಹುಮತ ಕೊಟ್ಟರು, ಬಿಷಪ್‌ಗಳ ಸದನದಲ್ಲಿ ಅದು ಸೋತಿತು. ಜರ್ಮನಿಯ ಕ್ಯಾಥೊಲಿಕ್ ಬಿಷಪ್‌ಗಳೂ ಸಾಮಾನ್ಯ ವಿಶ್ವಾಸಿಗಳೂ ಸೇರಿ ನಡೆಸಿದ ‘ಸಿನೊಡಲ್ ಮಾರ್ಗ’ ಎಂಬ ಸುಧಾರಣಾ ಚರ್ಚೆಯಲ್ಲೂ 2022ರ ಸೆಪ್ಟೆಂಬರ್‌ನಲ್ಲಿ ಲೈಂಗಿಕ ನೀತಿಯ ಕರಡು ಬಿಷಪ್‌ಗಳ ಮೂರರಲ್ಲಿ ಎರಡರಷ್ಟು ಮತ ಸಿಗದೆ ಬಿದ್ದಿತು. ಅಲ್ಲಿ ಹೆಚ್ಚು ನೋವು ತಂದದ್ದು ಸೋಲಿಗಿಂತ ಬೇರೆಯೇ ಸಂಗತಿ. ವಿರೋಧ ಮತ ಹಾಕಿದ ಬಿಷಪ್‌ಗಳಲ್ಲಿ ಹಲವರು ಚರ್ಚೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ವಿರೋಧಿಸುವ ಹಕ್ಕು ಎಲ್ಲರಿಗೂ ಇದೆ. ಆದರೆ ಮೇಲ್ಮನೆಯಂಥ ಅಧಿಕಾರ ಇರುವವರು ತಮ್ಮ ಕಾರಣವನ್ನು ಮತಕ್ಕೆ ಮುಂಚೆ ಎದುರಿಗೆ ನಿಂತು ಹೇಳಬೇಕು. ಅದು ಅವರ ಹುದ್ದೆಯ ಭಾಗ.

ಚರ್ಚ್ ಆಫ್ ಸ್ಕಾಟ್ಲೆಂಡ್‌ನ ಕ್ರಮ ನಿಧಾನ, ಆದರೆ ಗಟ್ಟಿ. 1697ರ ‘ಬ್ಯಾರಿಯರ್ ಆಕ್ಟ್’ ಪ್ರಕಾರ ಇಂಥ ಬದಲಾವಣೆಯನ್ನು ಜನರಲ್ ಅಸೆಂಬ್ಲಿ ಒಂದೇ ಸಲಕ್ಕೆ ಜಾರಿ ಮಾಡುವಂತಿಲ್ಲ. ಕರಡು ಪ್ರೆಸ್‌ಬಿಟರಿಗಳಿಗೆ (ಪ್ರಾದೇಶಿಕ ಮಂಡಳಿಗಳಿಗೆ) ಹೋಗಬೇಕು, ಅವುಗಳಲ್ಲಿ ಹೆಚ್ಚಿನವು ಒಪ್ಪಬೇಕು, ಮರುವರ್ಷ ಅಸೆಂಬ್ಲಿ ಮತ್ತೆ ಮತ ಹಾಕಬೇಕು. ಸಲಿಂಗ ವಿವಾಹದ ಕರಡನ್ನು 29 ಪ್ರೆಸ್‌ಬಿಟರಿಗಳು ಒಪ್ಪಿದವು, 12 ಒಪ್ಪಲಿಲ್ಲ, 2022ರ ಮೇ ತಿಂಗಳಲ್ಲಿ 274–136 ಮತಗಳಿಂದ ಅಂಗೀಕಾರವಾಯಿತು. ಹೀಗೆ ಸ್ಥಳೀಯರ ಕೈ ಹಾದುಬಂದ ತೀರ್ಮಾನವನ್ನು ರಾತ್ರೋರಾತ್ರಿ ಹೇರಿದ್ದು ಎಂದು ಯಾರೂ ದೂರಲಾರರು.

ಇದಕ್ಕೆ ತದ್ವಿರುದ್ಧ ಯುನೈಟೆಡ್ ಮೆಥೊಡಿಸ್ಟ್ ಚರ್ಚ್‌ನ 1972ರ ಕಥೆ. ಸಲಿಂಗಾಚರಣೆ ‘ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ’ ಎಂಬ ಮಾತು ಅಧ್ಯಯನ ಸಮಿತಿಯ ಕರಡಿನಲ್ಲಿ ಇರಲಿಲ್ಲ. ಪಂಗಡದ ಉನ್ನತ ಸಭೆಯಾದ ಜನರಲ್ ಕಾನ್ಫರೆನ್ಸ್ ಅಟ್ಲಾಂಟಾದಲ್ಲಿ ಸೇರಿದಾಗ ಸದನದಿಂದ ಬಂದ ತಿದ್ದುಪಡಿಯಾಗಿ ಅದು ಒಳಗೆ ಸೇರಿತು. ಆ ಒಂದು ಸಾಲು 52 ವರ್ಷ ಆ ಪಂಗಡದ ಎಲ್ಲ ಜಗಳಗಳ ಕೇಂದ್ರವಾಗಿ ಉಳಿಯಿತು. ಸಾಲು ಸರಿಯೋ ತಪ್ಪೋ, ಬೋಧನೆಯ ಭಾಷೆಯನ್ನು ಸದನದ ಬಿಸಿಯಲ್ಲಿ ಬರೆಯಬಾರದು. ಇಂಥ ತಿದ್ದುಪಡಿಗಳನ್ನು ಮೊದಲೇ ಬರೆದು ಕೊಟ್ಟಿರಬೇಕು, ಓದಿ ಯೋಚಿಸಲು ಪ್ರತಿನಿಧಿಗಳಿಗೆ ಸಮಯ ಸಿಗಬೇಕು ಎಂಬ ನಿಯಮ ಇಲ್ಲದ ಪಂಗಡ ಈ ಅಪಾಯಕ್ಕೆ ತೆರೆದೇ ಇರುತ್ತದೆ.

ಮನಸ್ಸಾಕ್ಷಿಗೆ ಬಿಟ್ಟ ಜಾಗ

ಎರಡೂ ನಿಲುವಿನವರು ಒಂದೇ ಪಂಗಡದಲ್ಲಿ ಉಳಿಯಬೇಕೆಂದರೆ ಯಾರೂ ತಮ್ಮ ಮನಸ್ಸಾಕ್ಷಿಗೆ ವಿರುದ್ಧವಾದ ಕೆಲಸ ಮಾಡಬೇಕಾಗಿ ಬರಬಾರದು. ಈ ಮಾತು ಹೇಳುವುದು ಸುಲಭ, ನಿಯಮವಾಗಿ ಬರೆಯುವಾಗ ಕಷ್ಟ ಗೊತ್ತಾಗುತ್ತದೆ. ಬ್ರಿಟನ್ನಿನ ಮೆಥೊಡಿಸ್ಟ್ ಚರ್ಚ್ 2021ರಲ್ಲಿ 254–46 ಮತಗಳಿಂದ ಸಲಿಂಗ ವಿವಾಹಕ್ಕೆ ಅವಕಾಶ ಕೊಟ್ಟಾಗ ವಿವಾಹದ ಬಗ್ಗೆ ಎರಡು ತಿಳಿವಳಿಕೆಗಳು ತನ್ನಲ್ಲಿವೆ ಎಂದು ನಿಯಮದಲ್ಲೇ ಒಪ್ಪಿಕೊಂಡಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2013ರ ಕಾನೂನಿನ ಪ್ರಕಾರ ಇದಕ್ಕೆ ಮೂರು ಬೀಗ ತೆರೆಯಬೇಕು: ಪಂಗಡ ಒಪ್ಪಬೇಕು, ಆ ಕಟ್ಟಡದ ಹೊಣೆ ಹೊತ್ತ ಸ್ಥಳೀಯರು ಒಪ್ಪಿ ಕಟ್ಟಡವನ್ನು ನೋಂದಾಯಿಸಬೇಕು, ವಿವಾಹ ನಡೆಸುವ ಪಾದ್ರಿ ಒಪ್ಪಬೇಕು. ಒಂದು ಮುಚ್ಚಿದ್ದರೂ ಅಲ್ಲಿ ವಿವಾಹವಿಲ್ಲ.

ತೊಡಕು ಬರುವುದು ಪಾದ್ರಿ ಮತ್ತು ಸಭೆ ಬೇರೆ ಬೇರೆ ಕಡೆ ನಿಂತಾಗ. ಪಾದ್ರಿ ಸಿದ್ಧ, ಮಂಡಳಿ ಸಿದ್ಧವಿಲ್ಲ. ಅಥವಾ ಮಂಡಳಿ ನೋಂದಾಯಿಸಿದೆ, ಹೊಸದಾಗಿ ಬಂದ ಪಾದ್ರಿಗೆ ಆಗುವುದಿಲ್ಲ. ನೆರೆಯ ಸಭೆಯ ಪಾದ್ರಿಯನ್ನು ಕರೆಸುವ ಏರ್ಪಾಡು ಮೊದಲೇ ಇರಬೇಕು. ಅದಕ್ಕಾಗಿ ಪಾದ್ರಿಯಿಂದ ವಿವರಣೆ ಕೇಳಬಾರದು, ಮದುವೆಯಾಗುವ ಜೋಡಿಯನ್ನು ಬಾಗಿಲಿಂದ ಬಾಗಿಲಿಗೆ ಅಲೆಸಬಾರದು. ನೇಮಕಾತಿಗೆ ಮುಂಚೆ ಈ ಪ್ರಶ್ನೆಯನ್ನು ನೇರವಾಗಿ ಕೇಳಿ ಉತ್ತರವನ್ನು ಬರೆದಿಟ್ಟುಕೊಂಡರೆ ಮುಂದಿನ ಅರ್ಧ ತಂಟೆ ತಪ್ಪುತ್ತದೆ.

ಸಣ್ಣದೆಂದು ಕಾಣುವ ಇನ್ನೊಂದು ಆಯ್ಕೆಯೂ ಇದೆ. ಎಲ್ಲರೂ ನಡೆಸಬಹುದು, ಬೇಡವಾದವರು ಹಿಂದೆ ಸರಿಯಿರಿ ಎನ್ನುವುದು ಒಂದು ದಾರಿ. ಯಾರಿಗೂ ಕಡ್ಡಾಯವಿಲ್ಲ, ಬೇಕಾದವರು ಮುಂದೆ ಬಂದು ಅನುಮತಿ ಪಡೆಯಿರಿ ಎನ್ನುವುದು ಇನ್ನೊಂದು. ಸ್ಕಾಟ್ಲೆಂಡ್ ಹಿಡಿದದ್ದು ಎರಡನೆಯದನ್ನು. ಮೊದಲನೆಯದರಲ್ಲಿ ಒಪ್ಪದವರು ಕೈಯೆತ್ತಿ ತಮ್ಮನ್ನು ಗುರುತಿಸಿಕೊಳ್ಳಬೇಕಾಗುತ್ತದೆ, ಎರಡನೆಯದರಲ್ಲಿ ಒಪ್ಪುವವರು. ಯಾರ ಮೇಲೆ ಆ ಭಾರ ಹಾಕಬೇಕು ಎಂಬುದನ್ನು ತಿಳಿದೇ ತೀರ್ಮಾನಿಸಬೇಕು.

ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ ವಿವಾಹದ ಬೋಧನೆ ಬದಲಾಗಿಲ್ಲ. ಆದರೆ 2023ರ ಡಿಸೆಂಬರ್‌ನಿಂದ ಸಲಿಂಗ ಜೋಡಿಗಳಿಗಾಗಿ ಪ್ರಾರ್ಥನೆಗಳನ್ನು ಎಂದಿನ ಆರಾಧನೆಯೊಳಗೆ ಬಳಸಬಹುದು. ಅವಕ್ಕೇ ಮೀಸಲಾದ ಪ್ರತ್ಯೇಕ ಆರಾಧನೆ ಬೇಕೆಂದರೆ, ಹೊಸ ಆರಾಧನಾ ವಿಧಿಗಳಿಗೆ ಒಪ್ಪಿಗೆ ಕೊಡುವ ಬಿ2 ನಿಯಮದಡಿ ಮೂರೂ ಸದನಗಳಲ್ಲಿ ಮೂರರಲ್ಲಿ ಎರಡರಷ್ಟು ಬಹುಮತ ಬೇಕು. 2023ರ ಫೆಬ್ರವರಿಯಲ್ಲಿ ಈ ಹಾದಿಗೆ ಮೊದಲ ಒಪ್ಪಿಗೆ ಸಿಕ್ಕಾಗ ಸಾಮಾನ್ಯ ವಿಶ್ವಾಸಿಗಳ ಸದನದಲ್ಲಿ 103–92 ಮತ ಬಿದ್ದಿತ್ತು. ಅಂತರ ಇಷ್ಟು ಕಿರಿದಾಗಿರುವಾಗ ಆ ಬಹುಮತ ಎಷ್ಟು ದೂರ ಎಂಬುದನ್ನು ಯಾರಾದರೂ ಲೆಕ್ಕ ಹಾಕಬಹುದು.

ರೋಮ್‌ನ ದಾರಿ

ಕ್ಯಾಥೊಲಿಕ್ ಚರ್ಚ್‌ನಲ್ಲಿ ಬೋಧನೆ ಮತದಾನದಿಂದ ಬದಲಾಗುವುದಿಲ್ಲ, ಹಾಗಾಗಿ ಭಿನ್ನಮತ ಪಾಲನೆಯ ಮಟ್ಟದಲ್ಲಿ ಎದ್ದು ಕಾಣುತ್ತದೆ. 2023ರ ಡಿಸೆಂಬರ್ 18ರಂದು ವ್ಯಾಟಿಕನ್ ಹೊರಡಿಸಿದ ‘ಫಿಡುಚಿಯಾ ಸುಪ್ಲಿಕಾನ್ಸ್’ ವಿವಾಹದ ಬೋಧನೆಯನ್ನು ಮುಟ್ಟದೆ, ಸಲಿಂಗ ಜೋಡಿಗಳಿಗೆ ವಿಧಿಯ ರೂಪವಿಲ್ಲದ ಸರಳ ಆಶೀರ್ವಾದಕ್ಕೆ ಅವಕಾಶ ಕೊಟ್ಟಿತು. ಗೊಂದಲ ಎದ್ದಿತು. ಜನವರಿ 4ರ ಸ್ಪಷ್ಟೀಕರಣ ಇಂಥ ಆಶೀರ್ವಾದ 10ರಿಂದ 15 ಸೆಕೆಂಡಿನದು ಎಂದು ಮಾದರಿ ಸಹಿತ ವಿವರಿಸಬೇಕಾಯಿತು. ಜನವರಿ 11ರಂದು ಆಫ್ರಿಕಾದ ಬಿಷಪ್‌ಗಳ ಒಕ್ಕೂಟ, ಪೋಪರ ಒಪ್ಪಿಗೆಯೊಂದಿಗೇ, ತಮ್ಮಲ್ಲಿ ಇದು ಸೂಕ್ತವಲ್ಲ ಎಂದಿತು. ಒಂದೇ ಬೋಧನೆ, ಖಂಡಕ್ಕೊಂದು ರೂಢಿ. ಮೊದಲೇ ಸಮಾಲೋಚಿಸಿ ಆ ಸ್ಪಷ್ಟೀಕರಣವನ್ನು ಮೂಲ ದಾಖಲೆಯೊಳಗೇ ಸೇರಿಸಿದ್ದರೆ ಆ ಮೂರು ವಾರಗಳ ಗದ್ದಲ ಕಡಿಮೆಯಾಗುತ್ತಿತ್ತು.

ಹೊರಡುವವರ ಬಾಗಿಲು

ಅಗಲಿಕೆ ಬಂದಾಗ ಮೊದಲು ಮೇಲೆದ್ದು ಬರುವುದು ಆಸ್ತಿ. ಹಲವು ಪಂಗಡಗಳಲ್ಲಿ ಕಟ್ಟಡ ಸ್ಥಳೀಯ ಸಭೆಯ ಹೆಸರಿನಲ್ಲಿದ್ದರೂ ಪಂಗಡದ ಪರವಾಗಿ ಟ್ರಸ್ಟ್ ಆಗಿ ಇರುತ್ತದೆ. ಸಭಿಕರು ದುಡಿದು ಕಟ್ಟಿದ ಕಟ್ಟಡವನ್ನು ಸಭೆ ಬಿಟ್ಟರೆ ಬಿಡಬೇಕಾಗುತ್ತದೆ. ಅಮೆರಿಕದಲ್ಲಿ 1979ರ ಜೋನ್ಸ್ ವಿರುದ್ಧ ವುಲ್ಫ್ ತೀರ್ಪು ಇಂಥ ವ್ಯಾಜ್ಯಗಳನ್ನು ಸಾಮಾನ್ಯ ಆಸ್ತಿ ಕಾನೂನಿನಿಂದಲೇ ಬಗೆಹರಿಸಬಹುದು ಎಂದಿತು. ಅಮೆರಿಕದ ಆಂಗ್ಲಿಕನ್ ಪಂಗಡವಾದ ಎಪಿಸ್ಕೋಪಲ್ ಚರ್ಚ್ ಅದೇ ವರ್ಷ ತನ್ನ ನಿಯಮಗಳಲ್ಲಿ ಟ್ರಸ್ಟ್ ಷರತ್ತನ್ನು ಸೇರಿಸಿತು. ಆದರೂ ಟೆಕ್ಸಾಸ್‌ನ ಫೋರ್ಟ್ ವರ್ತ್ ಡಯಾಸಿಸ್ (ಒಬ್ಬ ಬಿಷಪ್ ಆಡಳಿತದ ಪ್ರದೇಶ) 2008ರಲ್ಲಿ ಹೊರನಡೆದಾಗ ಎದ್ದ ವ್ಯಾಜ್ಯ ಮುಗಿದದ್ದು 2021ರಲ್ಲಿ, ಗೆದ್ದದ್ದು ಹೊರನಡೆದವರು. ಆ ವರ್ಷಗಳ ವಕೀಲರ ಶುಲ್ಕ ಕಾಣಿಕೆಯ ಹಣದಿಂದಲೇ ಹೋಗಬೇಕು.

ಯುನೈಟೆಡ್ ಮೆಥೊಡಿಸ್ಟರು ಬೇರೆ ದಾರಿ ಹುಡುಕಿದರು. 2019ರ ಫೆಬ್ರವರಿಯಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸಾಂಪ್ರದಾಯಿಕ ಯೋಜನೆ 438–384ರಿಂದ ಗೆದ್ದಿತು, ಸಲಿಂಗ ವಿವಾಹ ಮತ್ತು ಸಲಿಂಗಿಗಳ ದೀಕ್ಷೆಯ ಮೇಲಿನ ನಿಷೇಧ ಇನ್ನಷ್ಟು ಬಿಗಿಯಾಯಿತು. ಅದೇ ಅಧಿವೇಶನ ಹೊರಡಬಯಸುವ ಸಭೆಗಳಿಗಾಗಿ ನಿಯಮ ಪುಸ್ತಕಕ್ಕೆ 2553ನೇ ಪರಿಚ್ಛೇದವನ್ನೂ ಸೇರಿಸಿತು. ಅದರ ಪ್ರಕಾರ ಸಭೆಯ ಕೂಟದಲ್ಲಿ ಹಾಜರಿದ್ದ ಸದಸ್ಯರ ಮೂರರಲ್ಲಿ ಎರಡರಷ್ಟು ಮತ ಬೇಕು. ಪಂಗಡಕ್ಕೆ ಕೊಡಬೇಕಾದ ಬಾಕಿ ಕಾಣಿಕೆ ಪಾಲಿನ ಜೊತೆ ಇನ್ನೂ 12 ತಿಂಗಳ ಪಾಲು ಕಟ್ಟಬೇಕು. ಪಾದ್ರಿಗಳ ಪಿಂಚಣಿಯ ಕೊರತೆಯಲ್ಲಿ ತನ್ನ ಪಾಲು ಕೊಡಬೇಕು. ಆಮೇಲೆ ಪ್ರಾದೇಶಿಕ ವಾರ್ಷಿಕ ಕಾನ್ಫರೆನ್ಸ್ ಸರಳ ಬಹುಮತದಿಂದ ಒಪ್ಪಬೇಕು. ಇಷ್ಟಾದರೆ ಕಟ್ಟಡ ಸಭೆಯದೇ. ಗಡುವು 2023ರ ಡಿಸೆಂಬರ್ 31. ಅಷ್ಟರಲ್ಲಿ ಅಮೆರಿಕದ ಸುಮಾರು ನಾಲ್ಕರಲ್ಲಿ ಒಂದು ಸಭೆ, 7,600ಕ್ಕೂ ಹೆಚ್ಚು, ಹೊರಟುಹೋದವು. ಹೊರಟ ಹಲವು ಸಭೆಗಳು 2022ರ ಮೇ ತಿಂಗಳಲ್ಲಿ ಆರಂಭವಾದ ಗ್ಲೋಬಲ್ ಮೆಥೊಡಿಸ್ಟ್ ಚರ್ಚ್ ಸೇರಿದವು. 2024ರಲ್ಲಿ ಷಾರ್ಲೆಟ್‌ನಲ್ಲಿ ಸೇರಿದ ಜನರಲ್ ಕಾನ್ಫರೆನ್ಸ್ ದೀಕ್ಷೆಯ ಮೇಲಿನ ನಿಷೇಧವನ್ನು 692–51ರಿಂದ ತೆಗೆದುಹಾಕಿತು. ಐದು ವರ್ಷದಲ್ಲಿ ಅಷ್ಟೊಂದು ಜನರ ಮನಸ್ಸು ತಿರುಗಿತು ಎಂದುಕೊಳ್ಳಬಾರದು. ಮತ ಹಾಕುವವರೇ ಬದಲಾಗಿದ್ದರು.

ಆ ನಿಯಮದ ಬಲ ಅದರ ಲೆಕ್ಕದಲ್ಲಿದೆ. ಎಷ್ಟು ಹಣ, ಯಾರಿಗೆ, ಯಾವ ದಿನದೊಳಗೆ ಎಂಬುದು ಮೊದಲೇ ಗೊತ್ತು. ಪಿಂಚಣಿಯನ್ನು ಸೇರಿಸಿದ್ದು ವಿಶೇಷವಾಗಿ ಒಳ್ಳೆಯದು, ಇಲ್ಲದಿದ್ದರೆ ಉಳಿದ ಸಭೆಗಳು ನಿವೃತ್ತ ಪಾದ್ರಿಗಳ ಹೊರೆಯನ್ನೆಲ್ಲ ಹೊರಬೇಕಾಗುತ್ತಿತ್ತು. ಆದರೆ ಶೇ. 66ರಷ್ಟು ಮತ ಬಿದ್ದ ಸಭೆ ಹೊರಡಲಾಗದೆ ಮುನಿದು ಕೂತಿತು. ಶೇ. 70 ಬಿದ್ದ ಸಭೆಯಲ್ಲಿ ಉಳಿಯಬಯಸಿದ ಶೇ. 30 ಜನ ತಮ್ಮ ತಂದೆತಾಯಿಯರ ಸಮಾಧಿ ಇರುವ ಚರ್ಚ್ ಅನ್ನು ಕಳೆದುಕೊಂಡರು. ಅವರಿಗಾಗಿ ಹಲವು ಪ್ರದೇಶಗಳಲ್ಲಿ ‘ಲೈಟ್‌ಹೌಸ್’ ಸಭೆಗಳನ್ನು ಗುರುತಿಸಲಾಯಿತು. ಅಂಥ ಏರ್ಪಾಡು ಮತದಾನದ ದಿನವೇ ಕೈಯಲ್ಲಿರಬೇಕು, ಆರು ತಿಂಗಳ ಮೇಲಲ್ಲ. ಜ್ಞಾನಸ್ನಾನ ಮತ್ತು ವಿವಾಹದ ದಾಖಲೆ ಪುಸ್ತಕಗಳು ಯಾರಲ್ಲಿರುತ್ತವೆ, ಸ್ಮಶಾನದಲ್ಲಿ ಹೂಳುವ ಹಕ್ಕು ಉಳಿಯುತ್ತದೆಯೇ ಎಂಬುದನ್ನೂ ಒಪ್ಪಂದದಲ್ಲಿ ಬರೆಯಬೇಕು.

ಸ್ಥಳೀಯ ಸಭೆಯಲ್ಲಿ

ಪಂಗಡದ ತೀರ್ಮಾನ ಏನೇ ಇರಲಿ, ಭಾನುವಾರ ಬೆಂಚಿನ ಮೇಲೆ ಕೂರುವವರ ಮಧ್ಯೆ ಅದನ್ನು ನಡೆಸಬೇಕಾದವರು ಪಾದ್ರಿ ಮತ್ತು ಹಿರಿಯರು. ಇಲ್ಲಿ ಅತಿ ಹೆಚ್ಚು ನೋವು ಕೊಡುವುದು ಅಸ್ಪಷ್ಟತೆ. ಎಲ್ಲರಿಗೂ ಸ್ವಾಗತ ಎಂದು ಬೋರ್ಡ್ ಹಾಕಿ, ಒಬ್ಬ ಸಲಿಂಗಿ ಯುವಕನಿಂದ ವರ್ಷಗಟ್ಟಲೆ ಗಾಯನ ವೃಂದದಲ್ಲಿ ಹಾಡಿಸಿ, ಸಂಡೇ ಸ್ಕೂಲ್ ನಡೆಸುತ್ತೇನೆ ಎಂದು ಅವನು ಕೇಳಿದ ದಿನ ನಿನಗೆ ಆಗದು ಎನ್ನುವುದು ಕ್ರೌರ್ಯ. ಹಿರಿಯರ ಮಂಡಳಿ ಒಂದು ಪುಟದ ಬರಹ ಸಿದ್ಧಪಡಿಸಲಿ: ಸದಸ್ಯತ್ವ, ಪ್ರಭುಭೋಜನ, ಮಕ್ಕಳ ಜ್ಞಾನಸ್ನಾನ, ಗಾಯನ, ಬೋಧನೆ, ಹಿರಿಯರ ಪದವಿ, ವಿವಾಹ, ಕಟ್ಟಡದ ಬಳಕೆ, ಪ್ರತಿಯೊಂದಕ್ಕೂ ಹೌದೋ ಅಲ್ಲವೋ ಎಂದು. ಉತ್ತರ ಏನೇ ಇರಲಿ, ಹೊಸಬರು ಕೇಳಿದ ಮೊದಲ ವಾರವೇ ಅದು ಅವರ ಕೈಗೆ ಸಿಗಲಿ. ವಿಚ್ಛೇದನ, ಮದುವೆಗೆ ಮುಂಚಿನ ಸಹಬಾಳ್ವೆ ಇವುಗಳಿಗೂ ಅದೇ ಅಳತೆ ಅನ್ವಯವಾಗುತ್ತದೆಯೇ ಎಂದು ಅದೇ ಕೂಟದಲ್ಲಿ ಪರೀಕ್ಷಿಸಿಕೊಳ್ಳಬೇಕು. ಒಬ್ಬರಿಗೊಂದು ಇನ್ನೊಬ್ಬರಿಗೊಂದು ಎನ್ನುವ ಸಭೆಯ ಬೋಧನೆಯನ್ನು ಮಕ್ಕಳೇ ನಂಬುವುದಿಲ್ಲ.

ಚರ್ಚೆ ಏರ್ಪಡಿಸುವುದಾದರೆ ಎಂಟು ಹತ್ತು ಜನರ ಗುಂಪು ಸಾಕು, ಹೊರಗಿನ ನಿರ್ವಾಹಕರೊಬ್ಬರು ಇರಲಿ, ರೆಕಾರ್ಡಿಂಗ್ ಬೇಡ. ಪ್ರತಿಯೊಬ್ಬರೂ ತಮ್ಮ ಮಾತನ್ನಷ್ಟೇ ಆಡಬೇಕು, ‘ತುಂಬ ಜನ ಹೇಳುತ್ತಿದ್ದಾರೆ’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಯಾರನ್ನೂ ನಿಮ್ಮ ಸಂಗತಿಯೇನು ಎಂದು ಕೇಳಬಾರದು. ಸಭೆಯಲ್ಲಿರುವ ಒಬ್ಬರೇ ಸಲಿಂಗಿಯನ್ನು ಎಲ್ಲರ ಪ್ರಶ್ನೆಗೆ ಉತ್ತರ ಕೊಡಲು ನಿಲ್ಲಿಸಬಾರದು. ಮಗನೋ ಮಗಳೋ ಸಲಿಂಗಿ ಎಂದು ಯಾರಿಗೂ ಹೇಳದ ತಂದೆತಾಯಿ ಪಕ್ಕದ ಕುರ್ಚಿಯಲ್ಲೇ ಕೂತಿರಬಹುದು ಎಂದು ಎಣಿಸಿಯೇ ಎಲ್ಲರೂ ಮಾತಾಡಬೇಕು. ಚರ್ಚೆಯ ದಿನವೇ ಮತ ಹಾಕಿಸಬಾರದು. ಮಧ್ಯೆ ಕೆಲವು ವಾರ ಬಿಟ್ಟು, ಲಿಖಿತ ಸೂಚನೆ ಕೊಟ್ಟು, ಗುಪ್ತ ಮತದಾನ ಮಾಡಿ, ಅಂಕಿಗಳನ್ನು ಇದ್ದ ಹಾಗೆ ಓದಿ ಹೇಳಬೇಕು.

ಪಂಗಡದ ಬೋಧನೆಯನ್ನು ಪಾದ್ರಿಯೇ ಒಪ್ಪದಿದ್ದರೆ? ಒಳಗೊಳಗೆ ಬೇರೆ ಬೋಧಿಸಿ ಮೇಲೆ ಸಹಿ ಹಾಕುವುದು ಎಲ್ಲಕ್ಕಿಂತ ಕೆಟ್ಟ ದಾರಿ, ಅದು ಯಾವ ಪಕ್ಷದ ನಂಬಿಕೆಯನ್ನೂ ಉಳಿಸುವುದಿಲ್ಲ. ಮೇಲಿನವರಿಗೆ ಬರೆದು ತಿಳಿಸಿ ನಿಯಮ ಪಾಲಿಸುತ್ತಲೇ ಬದಲಾವಣೆಗೆ ಯತ್ನಿಸಬಹುದು. ನಿಯಮ ಮುರಿದು ಶಿಕ್ಷೆಗೆ ಒಪ್ಪಿಕೊಳ್ಳಬಹುದು. ಅಥವಾ ಪದವಿ ಬಿಡಬಹುದು. ಪೆನ್ಸಿಲ್ವೇನಿಯಾದ ಮೆಥೊಡಿಸ್ಟ್ ಪಾದ್ರಿ ಫ್ರಾಂಕ್ ಶೇಫರ್ ತಮ್ಮ ಮಗನ ಸಲಿಂಗ ವಿವಾಹ ನಡೆಸಿದ್ದಕ್ಕೆ 2013ರಲ್ಲಿ ದೀಕ್ಷೆ ಕಳೆದುಕೊಂಡರು, 2014ರಲ್ಲಿ ಮೇಲ್ಮನವಿಯಲ್ಲಿ ಮರಳಿ ಪಡೆದರು. ಮುಂದೆ ನಿಯಮ ಪಾಲಿಸುತ್ತೀರಾ ಎಂಬುದಕ್ಕೆ ಕೊಟ್ಟ ಉತ್ತರದ ಮೇಲೆ ಶಿಕ್ಷೆ ಕೊಡಲಾಗದು, ಮಾಡಿದ ಕೃತ್ಯಕ್ಕೆ ಮಾತ್ರ ಕೊಡಬಹುದು ಎಂಬುದು ಅಲ್ಲಿನ ತೀರ್ಮಾನ. ಶಿಸ್ತು ಕ್ರಮ ಕೈಗೊಳ್ಳುವ ಯಾವ ಮಂಡಳಿಯೂ ದೋಷಾರೋಪಣೆ ಬರೆಯುವ ಮೊದಲು ಈ ಗೆರೆಯನ್ನು ನೋಡಿಕೊಳ್ಳಬೇಕು.

ತೀರ್ಮಾನವಾದ ವಾರ, ಅದರಿಂದ ನೇರವಾಗಿ ತಟ್ಟಿಸಿಕೊಳ್ಳುವವರ ಮನೆಗೆ ಪಾದ್ರಿ ಮತ್ತು ಒಬ್ಬ ಹಿರಿಯರು ಹೋಗಿ ವಿಷಯ ತಿಳಿಸಬೇಕು, ಪ್ರಕಟಣೆ ಆಮೇಲೆ. ಪೀಠದಿಂದ ಗೆಲುವಿನ ಮಾತಾಗಲಿ ವಿಷಾದದ ಮಾತಾಗಲಿ ಬೇಡ. ತೀರ್ಮಾನ, ಅಂಕಿ, ಯಾರನ್ನು ಎಲ್ಲಿ ಕಂಡು ಮಾತಾಡಬಹುದು ಎಂಬಷ್ಟೇ ಸಾಕು. ಜೊತೆಗೆ, ಈ ವಿಷಯವನ್ನು ಮತ್ತೆ ಯಾವಾಗ ಎತ್ತಿಕೊಳ್ಳುತ್ತೇವೆ ಎಂಬ ದಿನಾಂಕವನ್ನೂ ನಡಾವಳಿಯಲ್ಲಿ ಬರೆದಿಡಬೇಕು. ದಿನಾಂಕವಿಲ್ಲದಿದ್ದರೆ ಪ್ರತಿ ವಾರ್ಷಿಕ ಸಭೆಯಲ್ಲೂ ಅದೇ ಜಗಳ ಏಳುತ್ತದೆ, ಇದ್ದರೆ ಎರಡೂ ಕಡೆಯವರು ಅಲ್ಲಿಯವರೆಗೆ ಸಭೆಯ ಉಳಿದ ಕೆಲಸವನ್ನು ಒಟ್ಟಿಗೆ ಮಾಡಬಲ್ಲರು.